ಸತ್ತ ಮನೆಗೆ ಮತ್ತೆ ಹೋಗುವುದು

"ಅಲ್ಲ ಮಾರಾಯ್ತಿ, ಮೊನ್ನೆ ತಾನೇ ಆ ಮನೆಯಲ್ಲಿ ಸತ್ತಿದ್ದೆಯಲ್ಲ, ಇವತ್ತು ಮತ್ತೆ ಅಲ್ಲಿಗೇ ಎಂತಕ್ಕೆ ಹೋಗ್ತೀಯ?"

ಪ್ರಶ್ನೆ ನಮ್ಮತ್ತೆಯದು. ಅವರಿಗೆ ಎಂಬತ್ತೆರಡು. ಸಾಗರದ ಕಡೆಯ ಆಷಾಢದ ಮಳೆ, ಅಂಗಳಕ್ಕೆ ಇಳಿಯುವ ಹಾಗಿಲ್ಲ. ಟೀವಿ ಮುಂದಿನ ಆರಾಮಕುರ್ಚಿ ಅವರದ್ದು, ಟೀವಿ ಮಾತ್ರ ಸದ್ಯಕ್ಕೆ ನನ್ನದು. ಮಗ ಪುಣೆಗೆ ನೌಕರಿಗೆ ಹೋಗುವಾಗ ಕ್ರಿಕೆಟ್ ಬ್ಯಾಟನ್ನೂ ಅಪ್ಪೆಮಿಡಿ ಭರಣಿಯನ್ನೂ ಹೊತ್ತುಕೊಂಡು ಹೋದ, ಪ್ಲೇಸ್ಟೇಷನ್ ಪೆಟ್ಟಿಗೆಯನ್ನು ಬಿಟ್ಟುಹೋದ. "ಆಗಾಗ ಧೂಳು ಒರೆಸಮ್ಮ, ಸಾಕು" ಅಂದಿದ್ದ. ಧೂಳು ಒರೆಸಲು ಕೂತವಳು ಎದ್ದಾಗ ರಾತ್ರಿ ಹನ್ನೊಂದು. ಅದೂ ಜೋಂಬಿಯೊಂದು ಕುತ್ತಿಗೆಗೆ ಬಾಯಿ ಹಾಕಿತ್ತು ಅಂತ ಎದ್ದದ್ದು, ಅಡುಗೆ ಆಗಬೇಕು ಅಂತಲ್ಲ. ಜಿರಲೆ ಕಂಡರೆ ಮಂಚ ಹತ್ತುವ ನಾನು ಅಂದಿನಿಂದ ದಿನಾ ಹೆಣಗಳ ನಡುವೆ ಓಡಾಡಿಕೊಂಡಿದ್ದೇನೆ.

ಅತ್ತೆಯ ಪ್ರಶ್ನೆಗೆ ಆವತ್ತು "ಸುಮ್ಮನೆ, ಟೈಂಪಾಸಿಗೆ" ಅಂದುಬಿಟ್ಟೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಹೌದಲ್ಲ! ಯಾವ ಬಾಗಿಲ ಹಿಂದೆ ಏನಿದೆ ಅಂತ ಗೊತ್ತಾದ ಮೇಲೆ ಆ ಬಾಗಿಲನ್ನು ಮತ್ತೆ ತೆಗೆಯುವುದೇಕೆ? ಹೆದರಿಕೆ ಅನ್ನುವುದು ಒಗ್ಗರಣೆಯ ಸಾಸಿವೆ ಇದ್ದ ಹಾಗೆ, ಸಿಡಿಯುವುದು ಒಂದೇ ಸಲ. ಸಿಡಿದದ್ದನ್ನು ಮತ್ತೆ ಕಾದ ಎಣ್ಣೆಗೆ ಹಾಕಿದರೆ ಕರಕಲಾಗುತ್ತದೆ, ಅಷ್ಟೆ. ಹಾಗಿದ್ದೂ ಒಂದೇ ಭಯದ ಆಟವನ್ನು ಮೂರು ಸಲ, ಐದು ಸಲ ಆಡುವವರು ಲೋಕದ ತುಂಬ ಇದ್ದಾರೆ. ಅವರಿಗಾಗಿಯೇ ಆಟ ಮಾಡುವವರು ಮೂವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ.

ನಾನು ಮೊದಲು ಸತ್ತದ್ದು ರೆಸಿಡೆಂಟ್ ಈವಿಲ್‌ನಲ್ಲಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಆಟ, 1996ರದ್ದು, ನಿರ್ದೇಶಕ ಶಿಂಜಿ ಮಿಕಾಮಿ. ಅಲ್ಲಿ ಅದರ ಹೆಸರು ಬಯೋಹಝಾರ್ಡ್. ಕಾಡಿನ ನಡುವಿನ ಬಂಗಲೆ, ಒಳಗೆ ನಡೆದಾಡುವ ಹೆಣಗಳು. ಇದಕ್ಕೂ ಒಬ್ಬ ಅಜ್ಜ ಇದ್ದಾನೆ. 1989ರಲ್ಲಿ ಅದೇ ಕಂಪನಿ ಫ್ಯಾಮಿಕಾಮ್ ಅನ್ನುವ ಆಟದ ಪೆಟ್ಟಿಗೆಗೆ ಸ್ವೀಟ್ ಹೋಮ್ ಅಂತೊಂದು ಆಟ ಮಾಡಿತ್ತು. ಗೋಡೆಯ ಚಿತ್ರಗಳ ಫೋಟೊ ತೆಗೆಯಲು ಐದು ಜನ ಹಾಳು ಬಂಗಲೆಗೆ ಹೋಗುತ್ತಾರೆ. ಅದರಲ್ಲಿ ಸತ್ತವರು ಸತ್ತ ಹಾಗೇ, ಎದ್ದು ಬರುವುದಿಲ್ಲ. ಎಷ್ಟು ಜನ ಉಳಿದರು ಅನ್ನುವುದರ ಮೇಲೆ ಐದು ಬೇರೆ ಬೇರೆ ಅಂತ್ಯ. ಅಂದರೆ ನಮ್ಮನೆಯಲ್ಲಿ ಟೀವಿಯೇ ಇಲ್ಲದ ಕಾಲದಲ್ಲಿ ಜಪಾನಿನ ಮಕ್ಕಳು "ಈ ಸಲ ಯಾರನ್ನು ಉಳಿಸೋಣ?" ಅಂತ ಲೆಕ್ಕ ಹಾಕುತ್ತಿದ್ದರು.

ರೆಸಿಡೆಂಟ್ ಈವಿಲ್ ಶುರುವಿನಲ್ಲೇ ಕೇಳುತ್ತದೆ: ಜಿಲ್ ಆಗ್ತೀಯೋ, ಕ್ರಿಸ್ ಆಗ್ತೀಯೋ? ನಾನು ಜಿಲ್ ಆದೆ. ಇವರು, ಅಂದರೆ ನಮ್ಮ ಯಜಮಾನರು, ತೋಟದಿಂದ ಬಂದು ಗಂಬೂಟು ಕಳಚುತ್ತಾ, "ಹೆಂಗಸಿನ ಕೈಲಿ ಆಗೋದಲ್ಲ ಅದು, ಕೊಡು ಇಲ್ಲಿ" ಅಂತ ಕ್ರಿಸ್ ಆದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ಜಿಲ್ ಎಂಟು ಸಾಮಾನು ಹೊರಬಲ್ಲಳು, ಕ್ರಿಸ್‌ಗೆ ಆರೇ. ಜಿಲ್‌ಗೆ ಬೀಗ ತೆಗೆಯುವ ಕಡ್ಡಿ ಇದೆ, ಕಷ್ಟಕಾಲಕ್ಕೆ ಓಡಿ ಬರುವ ಬ್ಯಾರಿ ಅನ್ನುವ ಸಹೋದ್ಯೋಗಿ ಇದ್ದಾನೆ. ಇವರು ಆರು ಜೇಬಿನಲ್ಲಿ ನಾಲ್ಕಕ್ಕೆ ಔಷಧಿ ಸೊಪ್ಪು ತುಂಬಿಕೊಂಡು, ಉಳಿದದ್ದಕ್ಕೆ ಪಿಸ್ತೂಲು ಗುಂಡು ಹಾಕಿಕೊಂಡು ಹೋಗಿ, ಬೀಗದ ಕೈ ಸಿಕ್ಕಾಗ ಇಡಲು ಜಾಗ ಇಲ್ಲದೆ ಅದರ ಮುಂದೆಯೇ ನಿಂತು ಸತ್ತರು. ಸಂತೆಗೆ ಒಂದೇ ಚೀಲ ಹಿಡಿದು ಹೋಗುವ ಗಂಡಸರ ಗತಿಯೇ ಇಷ್ಟು.

ಇದು ಮತ್ತೆ ಆಡಿಸುವ ಮೊದಲನೇ ಉಪಾಯ: ಮನೆ ಒಂದೇ, ಹೋಗುವವರು ಬೇರೆ. ತವರಿಗೆ ಮಗಳಾಗಿ ಹೋಗುವವಳಿಗೂ ಅದೇ ಮನೆಗೆ ಸೊಸೆಯಾಗಿ ಬರುವವಳಿಗೂ ಇರುವ ವ್ಯತ್ಯಾಸ ಅಂತ ಹೇಳಿದರೆ ಅತ್ತೆಗೆ ಬೇಜಾರಾಗಬಹುದು, ಹಾಗಾಗಿ ಹೇಳುವುದಿಲ್ಲ.

ಎರಡನೇ ಉಪಾಯ ಇನ್ನೂ ಚೆಂದ. ಮೂಲ ಆಟದಲ್ಲಿ ಒಂದು ಓಣಿ ಇದೆ. ನಡೆಯುತ್ತಾ ಹೋದರೆ ಕಿಟಕಿ ಒಡೆದುಕೊಂಡು ನಾಯಿ ಒಳಗೆ ಹಾರುತ್ತದೆ. ಆಡಿದವರು ಯಾರೂ ಅದನ್ನು ಮರೆತಿಲ್ಲ. 2002ರಲ್ಲಿ ಆಟವನ್ನು ಹೊಸದಾಗಿ ಮಾಡಿದಾಗ ಅವರು ಏನು ಮಾಡಿದರು ಗೊತ್ತೇ? ಅದೇ ಓಣಿ, ಅದೇ ಕಿಟಕಿ. ಹಳೆಯ ಆಟಗಾರ ಉಸಿರು ಬಿಗಿ ಹಿಡಿದು ಹೆಜ್ಜೆ ಇಡುತ್ತಾನೆ. ಗಾಜು ಪಟ್ ಅಂತ ಬಿರುಕು ಬಿಡುತ್ತದೆ, ನಾಯಿ ಬರುವುದಿಲ್ಲ. ಬದುಕಿದೆ ಅಂದುಕೊಂಡು ಮುಂದೆ ಹೋಗಿ, ಮುಂದೊಮ್ಮೆ ಅದೇ ದಾರಿಯಲ್ಲಿ ಮರೆತು ಬರುವಾಗ ಹಾರುತ್ತದೆ! ಮೊದಲ ಸಲ ಆಡುವವರನ್ನು ಯಾರು ಬೇಕಾದರೂ ಹೆದರಿಸಬಹುದು. ಗೊತ್ತಿರುವವರ ಗೊತ್ತನ್ನೇ ಹಿಡಿದು ಹೆದರಿಸುವುದಕ್ಕೆ ಕೈ ಪಳಗಿರಬೇಕು.

ಆ ಹೊಸ ರೂಪದಲ್ಲಿ ಇನ್ನೊಂದು ಕಿತಾಪತಿಯೂ ಇದೆ. ಕೊಂದ ಜೋಂಬಿಯನ್ನು ಸುಮ್ಮನೆ ಬಿಟ್ಟು ಹೋದರೆ ಸ್ವಲ್ಪ ಹೊತ್ತಿಗೆ ಅದು ಕೆಂಪು ತಲೆಯೊಂದಿಗೆ, ಮೊದಲಿಗಿಂತ ಜೋರಾಗಿ ಎದ್ದು ಓಡಿಬರುತ್ತದೆ. ತಲೆ ಹಾರಿಸಿರಬೇಕು, ಇಲ್ಲವೇ ಸೀಮೆಎಣ್ಣೆ ಹಾಕಿ ಸುಟ್ಟಿರಬೇಕು. ಸೀಮೆಎಣ್ಣೆಯೋ, ಹಳೆಯ ರೇಷನ್ ಅಂಗಡಿಗಿಂತ ಕಟ್ಟುನಿಟ್ಟು. ಕ್ಯಾನಿನಲ್ಲಿ ಹಿಡಿಸುವುದು ಎರಡು ಹೆಣಕ್ಕಾಗುವಷ್ಟು. ಹಾಗಾಗಿ ಯಾರನ್ನು ಕೊಲ್ಲಬೇಕು, ಯಾರ ಪಕ್ಕದಿಂದ ನುಸುಳಿ ಹೋಗಬೇಕು, ಯಾವ ದಾರಿಯಲ್ಲಿ ನಾನು ದಿನಾ ಓಡಾಡುವವಳು ಅಂತ ಲೆಕ್ಕ ಹಾಕಬೇಕು. ಪರದೆಯ ಮೇಲೆ "ಇದು ಬೇಕೋ, ಅದು ಬೇಕೋ" ಅಂತ ಯಾರೂ ಕೇಳಲಿಲ್ಲ. ಆದರೂ ಆ ಬಂಗಲೆಯಲ್ಲಿ ನಾನು ಮಾಡಿದಷ್ಟು ಆಯ್ಕೆಗಳನ್ನು ಮದುವೆಯ ಸೀರೆ ಅಂಗಡಿಯಲ್ಲೂ ಮಾಡಿಲ್ಲ.

ಆಟವನ್ನು ಉಳಿಸಿಕೊಳ್ಳುವುದಕ್ಕೂ ಲೆಕ್ಕವೇ. ಟೈಪ್‌ರೈಟರ್ ಇರುವ ಕೋಣೆಗೆ ಹೋಗಬೇಕು, ಕೈಯಲ್ಲಿ ರಿಬ್ಬನ್ ಇರಬೇಕು. ನಾನು ಟೈಪಿಂಗ್ ಸೀನಿಯರ್ ಪಾಸಾದವಳು, ಆ ಶಿಕ್ಷಣ ಕೊನೆಗೂ ಉಪಯೋಗಕ್ಕೆ ಬಂದದ್ದು ಹೀಗೆ.

ಇಲ್ಲಿ ಸ್ವಲ್ಪ ನಿಂತು ಮತ್ತೆ ಮತ್ತೆ ಆಡುವವರ ಜಾತಿಗಳನ್ನು ಹೇಳಿಬಿಡುತ್ತೇನೆ, ನೀವು ಯಾವುದು ಅಂತ ನೀವೇ ನೋಡಿಕೊಳ್ಳಿ. ಮೊದಲನೆಯವರು ತಟ್ಟೆ ನೆಕ್ಕುವವರು. 1999ರ ಮೂರನೇ ರೆಸಿಡೆಂಟ್ ಈವಿಲ್‌ನಲ್ಲಿ ಒಂದು ಸಲ ಮುಗಿಸಿದರೆ ಒಂದು ಪಾತ್ರದ ಮುಂದಿನ ಕತೆಯನ್ನು ಒಂದು ಪುಟದಲ್ಲಿ ತೋರಿಸುತ್ತದೆ. ಅಂಥ ಪುಟ ಒಟ್ಟು ಎಂಟು. ಎಂಟು ಸಲ ಮುಗಿಸಿದವರಿದ್ದಾರೆ! ಸತ್ಯನಾರಾಯಣ ಕತೆಗೆ ಐದೇ ಅಧ್ಯಾಯ, ಅದಕ್ಕೇ ಮೂರನೆಯದರಲ್ಲಿ ತೂಕಡಿಸುವ ಜನ ನಾವು. ಎರಡನೆಯವರು ಗಡಿಯಾರದವರು. ಮೊದಲ ಆಟವನ್ನು ಮೂರು ಗಂಟೆಯೊಳಗೆ ಮುಗಿಸಿದರೆ ಮುಂದಿನ ಸಲಕ್ಕೆ ಗುಂಡು ಮುಗಿಯದ ರಾಕೆಟ್ ಲಾಂಚರ್ ಬಹುಮಾನ. ಇವರಿಗೆ ಭೂತವೂ ಒಂದೇ, ಬಸ್ಸು ತಪ್ಪಿಸುವ ಟ್ರಾಫಿಕ್ಕೂ ಒಂದೇ. ಮೂರನೆಯವರು ಯೂಟ್ಯೂಬಿನವರು. ಒಂದು ಸಲ ಅರ್ಧ ಆಡಿ, ಉಳಿದ ಅಂತ್ಯಗಳನ್ನೆಲ್ಲ ಸಾಲಾಗಿ ವಿಡಿಯೊದಲ್ಲಿ ನೋಡಿ, "ಆ ಆಟವಾ? ಆಡಿದ್ದೇನೆ" ಅನ್ನುವವರು. ನನ್ನ ಮಗ ಈ ಜಾತಿ. ಮದುವೆಗೆ ಹೋಗದೆ ವಿಡಿಯೊ ನೋಡಿ "ಹೋಳಿಗೆ ಮೆತ್ತಗಿತ್ತು" ಅಂದ ಹಾಗೆ. ನಾಲ್ಕನೆಯವರು ಒಳ್ಳೆಯವರು. "ಈ ಸಲ ಕೆಟ್ಟವನಾಗಿ ಆಡ್ತೀನಿ" ಅಂತ ಶಪಥ ಮಾಡಿ, ಮೊದಲ ಪಾತ್ರ ಅಳುತ್ತಾ ಎದುರಾದ ಕೂಡಲೇ ಕರಗಿ ನೀರಾಗಿ, ಹೋದ ಸಲದ ಉತ್ತರವನ್ನೇ ಒತ್ತುವವರು. ಇವರಿಗೆ ಎರಡನೇ ಸಲ ಅನ್ನುವುದೇ ಇಲ್ಲ, ಮೊದಲ ಸಲವೇ ಎರಡು ಬಾರಿ.

ಕೇಳಿ ಕೇಳಿ ಆಯ್ಕೆ ಮಾಡಿಸುವ ಆಟ ಅಂದರೆ 2015ರ ಅಂಟಿಲ್ ಡಾನ್. ಹಿಮ ಬಿದ್ದ ಬೆಟ್ಟದ ಮೇಲಿನ ಮನೆಗೆ ಎಂಟು ಜನ ಹುಡುಗ ಹುಡುಗಿಯರು ಹೋಗುತ್ತಾರೆ. ಎಂಟೂ ಜನ ಉಳಿಯಬಹುದು, ಎಂಟೂ ಜನ ಸಾಯಬಹುದು, ಎಲ್ಲ ನಮ್ಮ ಕೈಲಿ. ತಾನೇ ಉಳಿಸಿಕೊಳ್ಳುತ್ತಾ ಹೋಗುವ ಆಟ, ತಪ್ಪಾಯಿತು ಅಂತ ಹಿಂದೆ ಹೋಗುವಂತಿಲ್ಲ. ಕೆಲವು ಕಡೆ ಏನೂ ಮಾಡಬಾರದು, ಕೈಯಲ್ಲಿನ ರಿಮೋಟನ್ನು ಅಲುಗಿಸದೆ ಹಿಡಿದಿರಬೇಕು. ಅಲುಗಿದರೆ ಹುಡುಗಿ ಸತ್ತಳು. ನಮ್ಮಲ್ಲಿ ಆ ಹೊತ್ತಿಗೆ ಸರಿಯಾಗಿ ಸಿಡಿಲು ಹೊಡೆಯುತ್ತದೆ. ನಮ್ಮೂರ ಮಳೆಗಾಲದಲ್ಲಿ ಆ ಹುಡುಗಿ ಉಳಿದದ್ದೇ ಇಲ್ಲ.

ಅದರಲ್ಲೊಂದು ದೃಶ್ಯ. ಕ್ರಿಸ್ ಅನ್ನುವ ಹುಡುಗನ (ಬಂಗಲೆಯ ಕ್ರಿಸ್ ಅಲ್ಲ, ಇವನು ಬೇರೆ) ಎದುರಿಗೆ ಅವನ ಗೆಳೆಯ ಜೋಶ್, ಅವನು ಮೆಚ್ಚಿದ ಹುಡುಗಿ ಆಶ್ಲಿ, ಇಬ್ಬರನ್ನೂ ಕಟ್ಟಿಹಾಕಿದ್ದಾರೆ. ನಡುವೆ ದೊಡ್ಡ ಗರಗಸ ತಿರುಗುತ್ತಿದೆ. ಯಾರನ್ನು ಉಳಿಸುತ್ತೀಯ? ನಾನು ಬೆವತುಹೋದೆ. ಅತ್ತೆ ಜಪಮಣಿ ಹಿಡಿದರು. ಇವರು "ಹುಡುಗೀನ ಉಳಿಸು" ಅಂದರು. ಉಳಿಸಿದೆ, ಜೋಶ್ ಹೋದ. ಎರಡು ದಿನ ಮನಸ್ಸಿಗೆ ಕಸಿವಿಸಿ. ಎರಡನೇ ಸಲ ಆಡುವಾಗ ಪ್ರಾಯಶ್ಚಿತ್ತವಾಗಲಿ ಅಂತ ಜೋಶ್‌ನನ್ನು ಆರಿಸಿದೆ. ಗರಗಸ ಆಗಲೂ ಜೋಶ್ ಕಡೆಗೇ ಹೋಯಿತು! ಯಾವುದನ್ನು ಒತ್ತಿದರೂ ಅಷ್ಟೇ. "ಟೀ ಬೇಕಾ, ಕಾಫಿ ಬೇಕಾ?" ಅಂತ ಕೇಳಿ ಇಬ್ಬರಿಗೂ ಕಷಾಯ ತಂದಿಟ್ಟ ಹಾಗೆ.

ಆದರೆ ಅದೇ ಆಟ ಮುಂದೊಂದು ಕಡೆ ಸದ್ದಿಲ್ಲದೆ ಲೆಕ್ಕ ಚುಕ್ತಾ ಮಾಡುತ್ತದೆ. ಕ್ರಿಸ್ ಕೈಗೆ ಪಿಸ್ತೂಲು ಬರುತ್ತದೆ: ಆಶ್ಲಿಗೆ ಹೊಡೆಯುತ್ತೀಯೋ, ನಿನಗೇ ಹೊಡೆದುಕೊಳ್ಳುತ್ತೀಯೋ? ಹುಡುಗಿಗೆ ಹೊಡೆದರೂ ಯಾರೂ ಸಾಯುವುದಿಲ್ಲ, ಗುಂಡು ಸುಳ್ಳು. "ಅಬ್ಬ" ಅಂತ ನಾವು ಮರೆತುಬಿಡುತ್ತೇವೆ. ಆಶ್ಲಿ ಮರೆಯುವುದಿಲ್ಲ. ಮುಂದೆ ಕ್ರಿಸ್ ಜೀವ ಕೈಯಲ್ಲಿ ಹಿಡಿದು ಓಡಿಬಂದು ಬಾಗಿಲು ಬಡಿಯುವಾಗ ಆಕೆ ಒಳಗಿನಿಂದ ನೋಡುತ್ತಾ ನಿಂತಿರುತ್ತಾಳೆ, ಚಿಲಕ ತೆಗೆಯುವುದಿಲ್ಲ. ಇದನ್ನು ನೋಡಿ ಅತ್ತೆ ಹೇಳಿದ್ದು ಒಂದೇ ಮಾತು: "ಹೆಣ್ಣುಮಕ್ಕಳಿಗೆ ನೆನಪಿರ್ತದೆ." ಇವರು ಎದ್ದು ಒಳಗೆ ಹೋದರು.

ಇಷ್ಟಾದ ಮೇಲೆ ಮಗನಿಗೆ ಫೋನು ಮಾಡಿ, "ಕೇಳುವ ಆಟ ಸಾಕಪ್ಪ, ಕೇಳದೆ ಇರೋದು ಯಾವುದಾದರೂ ಇದೆಯಾ?" ಅಂದೆ. "ಸೈಲೆಂಟ್ ಹಿಲ್ ಎರಡು ಆಡಮ್ಮ. ಆದ್ರೆ ಅಪ್ಪಂಗೂ ಬೇರೆಯಾಗಿ ಆಡೋಕೆ ಹೇಳು" ಅಂದ. ಯಾಕೆ ಅಂತ ಹೇಳಲಿಲ್ಲ, ನಕ್ಕ.

ಕೊನಾಮಿ ಕಂಪನಿಯ ಈ ಆಟ ಮೊದಲು ಬಂದದ್ದು 2001ರಲ್ಲಿ, ಹೊಸ ರೂಪ 2024ರಲ್ಲಿ. ಜೇಮ್ಸ್ ಅನ್ನುವವನಿಗೆ ಹೆಂಡತಿ ಮೇರಿಯಿಂದ ಕಾಗದ ಬರುತ್ತದೆ. ಮೇರಿ ತೀರಿಹೋಗಿ ಮೂರು ವರ್ಷ. ಮಂಜು ಕವಿದ ಊರಿಗೆ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಮೇರಿಯದೇ ರೂಪದ ಮರಿಯಾ ಅನ್ನುವವಳು ಜೊತೆಯಾಗುತ್ತಾಳೆ. ಆಟದ ಉದ್ದಕ್ಕೂ ಯಾರೂ ನಮ್ಮನ್ನು ಏನನ್ನೂ ಕೇಳುವುದಿಲ್ಲ. ನಾನು ನನ್ನ ಪಾಡಿಗೆ ಆಡಿ ಮುಗಿಸಿದೆ. ಜೇಮ್ಸ್ ಬದುಕುವ ಮನಸ್ಸಿಲ್ಲದೆ ಕಾರು ಸಮೇತ ಕೆರೆ ಸೇರಿದ. ನಾನು ದಂಗಾದೆ. ಅವನನ್ನು ಹಾಗೆ ಮಾಡು ಅಂತ ನಾನೆಲ್ಲಿ ಹೇಳಿದೆ?

ಹೇಳಿದ್ದೆ, ನನಗೇ ಗೊತ್ತಿಲ್ಲದೆ. ಆಟ ಒಳಗೊಳಗೇ ಬರೆದುಕೊಳ್ಳುತ್ತಿತ್ತು. ಗಾಯವಾದರೂ ಔಷಧಿ ತೆಗೆದುಕೊಳ್ಳದೆ ಓಡಾಡಿದರೆ ಒಂದು ಗೀಟು. ಏಂಜೆಲಾ ಅನ್ನುವ ನೊಂದ ಹುಡುಗಿಯಿಂದ ಸಿಕ್ಕ ಚಾಕುವನ್ನು ತೆಗೆತೆಗೆದು ನೋಡಿದರೆ ಇನ್ನೊಂದು ಗೀಟು. ಬದಲಿಗೆ ಬೇಗ ಔಷಧಿ ಕುಡಿದು, ಮೇರಿಯ ಫೋಟೊ ನೋಡಿಕೊಂಡು, ಕೊನೆಯ ಓಣಿಯಲ್ಲಿ ಕೇಳಿಬರುವ ಅವರಿಬ್ಬರ ಮಾತನ್ನು ಪೂರ್ತಿ ನಿಂತು ಕೇಳಿದರೆ ಅವನು ಊರು ಬಿಟ್ಟು ಬದುಕುವ ಕಡೆ ಹೋಗುತ್ತಾನೆ. ನಾನೋ, ಹೊಸ ಬೆಡ್‌ಶೀಟನ್ನು ನೆಂಟರಿಗೆ ಅಂತ ಹದಿನೈದು ವರ್ಷ ಟ್ರಂಕಿನಲ್ಲಿಟ್ಟವಳು. ಔಷಧಿಯನ್ನೂ ಹಾಗೇ ಇಟ್ಟಿದ್ದೆ, ಮುಂದೆ ಬೇಕಾಗಬಹುದು ಅಂತ. ಚಾಕುವನ್ನು ನೋಡಿದ್ದು ಸಾಣೆ ಹಿಡಿಸಬೇಕೇ ಅಂತ. ನನ್ನ ಜಿಪುಣತನವನ್ನು ಆ ಆಟ ವೈರಾಗ್ಯ ಅಂತ ಓದಿಕೊಂಡಿತು!

ಆಮೇಲೆ ಇವರು ಆಡಿದರು. ಮರಿಯಾಳನ್ನು ಬಿಟ್ಟು ಒಂದು ಹೆಜ್ಜೆ ಅಗಲಲಿಲ್ಲ. ಭೂತ ಬಂದರೆ ಅವಳಿಗೆ ಅಡ್ಡ ನಿಂತರು. ಆಸ್ಪತ್ರೆಯಲ್ಲಿ ಅವಳು ಮಲಗಿದ ಕೋಣೆಗೆ ಮತ್ತೆ ಹೋಗಿ ಹೇಗಿದ್ದಾಳೆ ಅಂತ ನೋಡಿ ಬಂದರು. ಅದನ್ನೂ ಆಟ ಬರೆದುಕೊಂಡಿತ್ತು. ಕೊನೆಗೆ ಜೇಮ್ಸ್ ಸತ್ತ ಹೆಂಡತಿಯನ್ನು ಬಿಟ್ಟು ಮರಿಯಾಳನ್ನು ಕರೆದುಕೊಂಡು ಕಾರಿನ ಕಡೆ ಹೊರಟ. ನಮ್ಮ ಚಾವಡಿಯಲ್ಲಿ ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು, "ಪಾಪದ ಹುಡುಗಿ, ಹುಷಾರಿರಲಿಲ್ಲ ಅಂತ ನೋಡ್ಕಂಡ, ಅಷ್ಟೇಯ" ಅಂದರು. ಅವರ ಮಗನ ಪರವಾಗಿ ಅವರು ವಾದಿಸಿದ್ದು ಅದೇ ಕೊನೆ. ಆ ವಾದ ನನಗೆ ಹಿಡಿಸಲಿಲ್ಲ ಅಂತ ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಈ ಆಟ ಥೇಟ್ ನಮ್ಮತ್ತೆಯ ಹಾಗೆ. ಅವರೂ "ಬೇಜಾರಾಗಿದೆಯಾ?" ಅಂತ ಬಾಯಿಬಿಟ್ಟು ಕೇಳುವವರಲ್ಲ. ಎಷ್ಟು ಊಟ ಮಾಡಿದಳು, ಪಾತ್ರೆಯನ್ನು ಎಷ್ಟು ಜೋರಾಗಿ ಇಟ್ಟಳು, ತವರಿನ ಫೋನು ಬಂದಾಗ ಎಲ್ಲಿ ನಿಂತು ಮಾತಾಡಿದಳು, ಎಲ್ಲ ನೋಡಿ ಸಂಜೆಗೆ ತೀರ್ಪು ಬರೆದಿಡುತ್ತಾರೆ.

ಗುಟ್ಟು ತಿಳಿದ ಮೇಲೆ ನಾನು ಮತ್ತೆ ಆಡಿದೆ. ಚೂರು ತರಚಿದರೂ ಔಷಧಿ ಕುಡಿದೆ, ಫೋಟೊ ನೋಡಿದೆ, ಚಾಕು ಮುಟ್ಟಲಿಲ್ಲ. ಜೇಮ್ಸ್ ಬದುಕಿದ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಉತ್ತರ ನೋಡಿಕೊಂಡು ಪರೀಕ್ಷೆ ಬರೆದ ಹಾಗಿತ್ತು. ನೀರಿಗೆ ಇಳಿದವನು ನನ್ನ ಜೇಮ್ಸ್, ಬದುಕಿದವನು ಗೈಡಿನ ಜೇಮ್ಸ್. ಹಟ ಬಿಡದೆ ಮತ್ತೂ ಆಡಿದವರಿಗೆ ಈ ಆಟದಲ್ಲಿ ಒಂದು ಗುಟ್ಟಿನ ಅಂತ್ಯವಿದೆ. ಎಲ್ಲ ಘೋರವನ್ನೂ ಯಂತ್ರದ ಮುಂದೆ ಕೂತು ನಡೆಸುತ್ತಿದ್ದದ್ದು ಒಂದು ಶೀಬಾ ತಳಿಯ ನಾಯಿ! ಇಷ್ಟು ಸಲ ಬಂದೆಯಲ್ಲ, ಇನ್ನು ನಿನಗೆ ಹೆದರಿಕೆ ಇಲ್ಲ, ನಕ್ಕು ಮನೆಗೆ ಹೋಗು ಅಂತ ಮಾಡಿದವರೇ ಕಳಿಸಿಕೊಟ್ಟ ಹಾಗೆ.

ಗುಟ್ಟು ತಿಳಿದರೂ ಹೆದರಿಕೆ ಕರಕಲಾಗದ ಆಟವೇ ಇಲ್ಲವೇ ಅಂದರೆ, ಇದೆ. 2014ರ ಏಲಿಯನ್: ಐಸೊಲೇಶನ್‌ನಲ್ಲಿ ಆ ಪ್ರಾಣಿ ಇಂಥ ಹೊತ್ತಿಗೆ ಇಂಥ ಕಡೆ ಬರಬೇಕು ಅಂತ ಬರೆದಿಟ್ಟಿಲ್ಲ. ಮೇಲಿನಿಂದ ಆಟವನ್ನು ನೋಡುವ ಒಂದು ಬುದ್ಧಿ "ಆ ಸುಮಾರಿನಲ್ಲಿ ಹುಡುಕು" ಅಂತ ಸುಳಿವು ಕೊಡುತ್ತದೆ, ನಿಜವಾಗಿ ಹುಡುಕುವುದು ಪ್ರಾಣಿಯೇ, ಕಿವಿ ಕಣ್ಣು ಉಪಯೋಗಿಸಿ. ಹಾಗಾಗಿ ನಿನ್ನೆ ಅಡಗಿ ಉಳಿದ ಕಪಾಟಿನಲ್ಲೇ ಇವತ್ತು ಸಾಯಬಹುದು. ಕ್ಯಾಮೆರಾ ಜೋಡಿಸಿದ್ದರೆ ನಮ್ಮ ಕೋಣೆಯ ಸದ್ದೂ ಅದಕ್ಕೆ ಕೇಳಿಸಬಹುದು. ಮಗ ಜೋಡಿಸಿಟ್ಟಿದ್ದ, ನನಗೆ ಗೊತ್ತಿರಲಿಲ್ಲ. ಕುಕ್ಕರಿನ ಮೂರನೇ ಸೀಟಿಗೆ ಸರಿಯಾಗಿ ಬಂತು ನೋಡಿ! ಅನ್ನ ಬೆಂದಿತು, ನಾನು ಹೋದೆ. 2023ರ ಅಮ್ನೀಸಿಯ: ದ ಬಂಕರ್ ಅಂತೂ ಪ್ರತಿ ಹೊಸ ಆಟಕ್ಕೂ ಸಾಮಾನು ಇರುವ ಜಾಗ, ಬೀಗದ ಅಂಕಿ ಎಲ್ಲ ಬದಲಿಸುತ್ತದೆ. ಅಡುಗೆಮನೆಯ ಡಬ್ಬಿಗಳನ್ನು ಬೇರೆಯವರು ಜೋಡಿಸಿಟ್ಟರೆ ಎಷ್ಟು ಹೆದರಿಕೆ ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಪಾಂಡಿತ್ಯ ಬಂದ ಮೇಲೆ ಒಂದು ಸಂಜೆ ಅತ್ತೆಯ ಹಳೆಯ ಪ್ರಶ್ನೆಗೆ ತಿರುಗಿ ಪ್ರಶ್ನೆಯನ್ನೇ ಹಾಕಿದೆ. ಅವರು ಮೊಬೈಲಿನಲ್ಲಿ ತಾಳಮದ್ದಳೆ ಹಾಕಿಕೊಂಡಿದ್ದರು, ವಾಲಿವಧೆ. "ಅತ್ತೆ, ವಾಲಿವಧೆ ಎಷ್ಟು ಸಲ ಕೇಳಿದ್ದೀರಿ?"

"ಲೆಕ್ಕ ಇಟ್ಟವರ್ಯಾರು? ಐವತ್ತಾದರೂ ಆಗಿರ್ತದೆ."

"ಒಂದು ಸಲವಾದರೂ ವಾಲಿ ಉಳಿದಿದ್ದಾನಾ?"

"ಅದೆಂತಕ್ಕೆ ಉಳೀತಾನೆ? ಸಾಯ್ತಾನೆ ಅಂತ ಗೊತ್ತಿದ್ದೇ ಕೂರೋದು. ಸಾಯೋ ಮೊದಲು ರಾಮನ ಹತ್ತಿರ ಏನು ಕೇಳ್ತಾನೆ ಅನ್ನೋದಕ್ಕೆ ಕೂರ್ತೇನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳೋದೇ ಒಂದು ರೀತಿ, ಬೇರೆಯವರದ್ದೇ ಒಂದು ರೀತಿ. ಎದುರಿಗೆ ರಾಮ ಯಾರು ಅನ್ನೋದರ ಮೇಲೂ ಇರ್ತದೆ. ಪದ ಅದೇ, ಅರ್ಥ ದಿನಾ ಬೇರೆ."

ನನ್ನ ಒಂದು ಮಳೆಗಾಲದ ಸಾವುಗಳಲ್ಲಿ ಸಿಗದ ಉತ್ತರ ಅವರ ಬಾಯಲ್ಲಿ ರೆಡಿ ಇತ್ತು. ಭಾಗವತರು ಹಾಡುವ ಪದ ಪುಸ್ತಕದಲ್ಲಿರುವುದೇ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತ ಅರ್ಥಧಾರಿಗಳು ಆ ಹೊತ್ತಿಗೆ ಹೊಳೆದದ್ದನ್ನು ಮಾತಾಡುತ್ತಾರೆ. ಅಂತ್ಯ ಒಂದೇ ಒಂದು. ಹಾಗಿದ್ದೂ ಐವತ್ತು ಸಲ! ಎಂಟು ಅಂತ್ಯವಿದೆ, ನೂರು ಅಂತ್ಯವಿದೆ ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿಸುವ ಆಟದ ಕಂಪನಿಗಳವರು ಒಂದು ರಾತ್ರಿ ತಾಳಮದ್ದಳೆಗೆ ಬಂದು ಕೂರಬೇಕು. ಪದ ಮತ್ತು ಪದದ ನಡುವೆ ಆಡುವವನಿಗೆ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನುವುದು ಮುಖ್ಯ, ಮಂಗಳ ಎಷ್ಟು ಬಗೆಯಲ್ಲಿ ಹಾಡುತ್ತೀರಿ ಅನ್ನುವುದಲ್ಲ. ಸೀಮೆಎಣ್ಣೆ ಯಾವ ಹೆಣಕ್ಕೆ ಅನ್ನುವುದು ನನ್ನ ಅರ್ಥಗಾರಿಕೆ. ಔಷಧಿ ಕುಡಿಯದೆ ಇಟ್ಟದ್ದೂ ನನ್ನದೇ, ಮರಿಯಾಳ ಕೋಣೆಗೆ ಹೋಗಿ ಬಂದದ್ದು ಇವರದ್ದು. ಗರಗಸದ ಮುಂದೆ ಗುಂಡಿ ಒತ್ತಿದ್ದರಲ್ಲಿ ಮಾತ್ರ ನನ್ನದು ಏನೂ ಇರಲಿಲ್ಲ, ಬರೀ ಬೆವರು.

ಈಗ ಅತ್ತೆ ಪ್ರಶ್ನೆ ಕೇಳುವುದಿಲ್ಲ, ದಾರಿ ಹೇಳುತ್ತಾರೆ. "ಇವತ್ತು ಆ ಗಂಡು ಹುಡುಗನ್ನ ತಗೋ. ಸೊಪ್ಪು ಜಾಸ್ತಿ ಹೊರಬೇಡ. ಮೆಟ್ಟಿಲ ಹತ್ತಿರದವನನ್ನ ಸುಡು, ಅಡುಗೆಮನೆಯವನು ಬಿದ್ದಿರಲಿ." ನಿನ್ನೆ ಆರೇ ಜೇಬಿನ ಕ್ರಿಸ್ ಆಗಿ ಬಂಗಲೆಯಿಂದ ಹೊರಗೆ ಬಂದೆವು. ಇವರು ಒಪ್ಪುತ್ತಿಲ್ಲ, ಅದು ಬೇರೆ ಮಾತು.

ನಿಮಗೆ ನನ್ನದೊಂದು ಕೋರಿಕೆ. ಇಂಥ ಆಟ ಕೈಗೆ ಸಿಕ್ಕರೆ ಮೊದಲ ಸಲ ಗೈಡು ನೋಡಬೇಡಿ, ಮಗನಿಗೆ ಫೋನು ಮಾಡಬೇಡಿ, ಯೂಟ್ಯೂಬಿನ ಕಡೆ ತಲೆ ಹಾಕಬೇಡಿ. ತಪ್ಪೋ ಸರಿಯೋ, ನಿಮ್ಮ ಸಾವನ್ನು ನೀವೇ ಸಾಯಿರಿ. ಎರಡನೇ ಸಲ ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕುಕ್ಕರ್ ಇಡುವುದಿದ್ದರೆ ಮೊದಲೇ ಇಟ್ಟು ಬನ್ನಿ.